ಒಳಮಾತಿನ ಸಾಕ್ಷ್ಯ: ಒಂದು ವಿಮರ್ಶೆ

1

ಬಾಯಿ ಮುಚ್ಚಿಕೊಂಡಿರುವಾಗಲೂ ಮನುಷ್ಯನು ಮಾತನಾಡುತ್ತಿರುತ್ತಾನೆಂಬುದು ಬಹುಮಂದಿಯ ಅನುಭವ. ಅಂಗಡಿಯಿಂದ ತರಬೇಕಾದ ಸಾಮಾನುಗಳ ಹೆಸರನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿಯೇ ಹೇಳಿಕೊಳ್ಳುವುದು, ನಾಳೆ ಹಿರಿಯರೆದುರಿಗೆ ಆಡಬೇಕಾದ ಮಾತನ್ನು ಇಂದೇ ಜೋಡಿಸಿಕೊಳ್ಳುವುದು, ಕೆಲಸ ಕೆಟ್ಟಾಗ ತನ್ನನ್ನು ತಾನೇ ಬೈದುಕೊಳ್ಳುವುದು, ಇವೆಲ್ಲವೂ ಈ ಬಗೆಯವು. ಈ ಮನೋವ್ಯಾಪಾರವನ್ನು ಪ್ರಕೃತ ಲೇಖನದಲ್ಲಿ ‘ಒಳಮಾತು’ ಎಂದು ಕರೆದಿದೆ. ‘ಅಂತರ್ವಾಣಿ’ ಎಂಬ ಶಬ್ದವು ಬಳಕೆಯಲ್ಲಿದ್ದರೂ ಅದಕ್ಕೆ ಮನಸ್ಸಾಕ್ಷಿಯೆಂಬ ಅರ್ಥವು ಅಂಟಿಕೊಂಡಿರುವುದರಿಂದ ಅದನ್ನು ಇಲ್ಲಿ ಬಿಡಲಾಗಿದೆ.

ಒಳಮಾತು ಎಲ್ಲರಲ್ಲಿಯೂ ಉಂಟೆ? ಉಂಟಾದರೆ ಅದು ಎಲ್ಲರಲ್ಲಿಯೂ ಒಂದೇ ಬಗೆಯಾಗಿರುವುದೆ? ಈ ಪ್ರಶ್ನೆಗಳು ಹಳೆಯವು. ಆದರೆ ಕಳೆದ ಕೆಲವು ದಶಕಗಳಲ್ಲಿ ಅವುಗಳಿಗೆ ಹೊಸ ಮಹತ್ತ್ವವು ಬಂದಿದೆ. ಆಟಿಸಂ, ಎ.ಡಿ.ಎಚ್.ಡಿ. ಎಂದು ಹೆಸರಾದ ಗಮನದ ತೊಡಕು, ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕು ಮೊದಲಾದುವನ್ನು ಕೇವಲ ರೋಗಗಳೆಂದು ಎಣಿಸದೆ, ಮನುಷ್ಯರ ಮೆದುಳಿನ ಸಹಜ ವೈವಿಧ್ಯವೆಂದು ಕಾಣಬೇಕೆಂಬ ವಾದವು 1990ರ ದಶಕದಲ್ಲಿ ಪ್ರಚಾರಕ್ಕೆ ಬಂದಿತು. ಆ ವಾದದ ಬೆಳೆವಣಿಗೆಯೊಡನೆ ‘ನ್ಯೂರೋಡೈವರ್ಜೆಂಟ್’, ‘ನ್ಯೂರೋಟಿಪಿಕಲ್’ ಎಂಬ ಶಬ್ದಗಳೂ ರೂಢಿಗೆ ಬಂದುವು. ಇಲ್ಲಿ ಅವರನ್ನು ಕ್ರಮವಾಗಿ ‘ಭಿನ್ನ ನರವಿನ್ಯಾಸದವರು’, ‘ಸಾಮಾನ್ಯ ನರವಿನ್ಯಾಸದವರು’ ಎಂದು ಕರೆಯೋಣ. ಇದರ ಜತೆಯಲ್ಲಿಯೇ ಒಂದು ಸೂತ್ರವೂ ಜನಜನಿತವಾಯಿತು: ಸಾಮಾನ್ಯ ನರವಿನ್ಯಾಸದವರು ಮಾತಿನಲ್ಲಿ ಯೋಚಿಸುತ್ತಾರೆ, ಆಟಿಸಂ ಉಳ್ಳವರು ಚಿತ್ರಗಳಲ್ಲಿ ಯೋಚಿಸುತ್ತಾರೆ. ಈ ಸೂತ್ರವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಇದು ಮನಶ್ಶಾಸ್ತ್ರದ ವಿಷಯ, ಚರಿತ್ರೆಯ ಅಧ್ಯಾಪಕನಿಗೆ ಇಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಇಲ್ಲಿಯ ತೊಡಕು ಮೂಲತಃ ಸಾಕ್ಷ್ಯದ ತೊಡಕು. ಇನ್ನೊಬ್ಬನ ಮನಸ್ಸಿನೊಳಗೆ ನಡೆದುದನ್ನು ನಾವು ಕಾಣಲಾರೆವು; ಸತ್ತುಹೋದ ಕಾಲದಲ್ಲಿ ನಡೆದುದನ್ನೂ ಕಾಣಲಾರೆವು. ಎರಡು ಕಡೆಯಲ್ಲಿಯೂ ನಮಗೆ ದೊರೆಯುವುದು ಸಾಕ್ಷಿಗಳ ಮಾತು, ಇಲ್ಲವೆ ನಡೆದುದು ಬಿಟ್ಟುಹೋದ ಗುರುತು. ಫ್ರಾನ್ಸಿನ ಚರಿತ್ರಕಾರನಾದ ಮಾರ್ಕ್ ಬ್ಲಾಕ್ 1944ರಲ್ಲಿ ಜರ್ಮನರ ಗುಂಡಿಗೆ ಬಲಿಯಾದನು. 1949ರಲ್ಲಿ ಪ್ರಕಟವಾದ ಅವನ ಗ್ರಂಥವೊಂದರಲ್ಲಿ, ಬೇಕೆಂದು ನುಡಿಯುವ ಸಾಕ್ಷಿಗಳನ್ನೂ ತಮಗರಿವಿಲ್ಲದೆ ನುಡಿಯುವ ಸಾಕ್ಷಿಗಳನ್ನೂ ಬೇರ್ಪಡಿಸಿ, ಎರಡನೆಯ ವರ್ಗದ ಬೆಲೆಯನ್ನು ವಿಶೇಷವಾಗಿ ಎತ್ತಿಹೇಳಿದ್ದಾನೆ. ನಮ್ಮ ದಾನಶಾಸನಗಳನ್ನು ಓದಿದವರಿಗೆ ಈ ಭೇದವು ಹೊಸದಲ್ಲ. ಶಾಸನದ ಪ್ರಶಸ್ತಿಭಾಗವು ರಾಜನು ಹೇಳಿಸಬಯಸಿದ ಮಾತು. ಕೊನೆಯಲ್ಲಿ ಬರುವ ಎಲ್ಲೆಕಟ್ಟಿನ ವಿವರವಾದರೋ, ಅಂದಿನ ಕೆರೆ, ಕಾಲುವೆ, ತೆರಿಗೆ, ಅಳತೆಗಳ ವಿಷಯವನ್ನು ಯಾರೂ ಹೇಳಬೇಕೆಂದು ಬಯಸದೆಯೇ ಹೇಳಿಬಿಡುತ್ತದೆ. ಒಳಮಾತಿನ ವಿಷಯದಲ್ಲಿಯೂ ಪ್ರಶಸ್ತಿ ಯಾವುದು, ಎಲ್ಲೆಕಟ್ಟು ಯಾವುದು ಎಂದು ವಿಂಗಡಿಸಿ ನೋಡಿದರೆ ಮೇಲಣ ಸೂತ್ರದ ಬಲಾಬಲವು ತಿಳಿದುಬರುತ್ತದೆ.

2

ಮಾತಿಲ್ಲದೆ ಜ್ಞಾನವುಂಟೆ ಎಂಬ ಚರ್ಚೆಯು ಭಾರತದಲ್ಲಿ ಬಹು ಹಿಂದೆಯೇ ನಡೆಯಿತು. ‘ವಾಕ್ಯಪದೀಯ’ದ ಕರ್ತೃವಾದ ಭರ್ತೃಹರಿಯು ಶಬ್ದದ ಸಂಪರ್ಕವಿಲ್ಲದ ಜ್ಞಾನವು ಲೋಕದಲ್ಲಿಯೇ ಇಲ್ಲವೆಂದು ಪ್ರತಿಪಾದಿಸಿದನು. ಹಾಗಾದರೆ ಇನ್ನೂ ಮಾತು ಕಲಿಯದ ಶಿಶುವಿನ ಗತಿಯೇನು? ಪೂರ್ವಜನ್ಮದ ಶಬ್ದಸಂಸ್ಕಾರವು ಅದರಲ್ಲಿ ಇದ್ದೇ ಇರುವುದೆಂಬುದು ಅವನ ಉತ್ತರ. ಇದಕ್ಕೆ ಇದಿರಾಗಿ ಮೀಮಾಂಸಕನಾದ ಕುಮಾರಿಲಭಟ್ಟನು, ವಸ್ತುವನ್ನು ಕಂಡೊಡನೆ ಮೊದಲು ಹುಟ್ಟುವ ಅರಿವು ಶಬ್ದಸಂಪರ್ಕವಿಲ್ಲದ ನಿರ್ವಿಕಲ್ಪಕ ಜ್ಞಾನವೆಂದೂ, ಅದು ಶಿಶುವಿನ ಅಥವಾ ಮೂಕನ ಜ್ಞಾನದಂತೆ ಇರುವುದೆಂದೂ ‘ಶ್ಲೋಕವಾರ್ತಿಕ’ದಲ್ಲಿ ಹೇಳಿದನು.

ಇಬ್ಬರೂ ಅಸಾಧಾರಣ ಬುದ್ಧಿಶಾಲಿಗಳು. ಇಬ್ಬರ ವಾದಸರಣಿಯೂ ಗಂಭೀರವಾದುದು. ಆದರೆ ಸಾಕ್ಷ್ಯದ ದೃಷ್ಟಿಯಿಂದ ನೋಡಿದರೆ ಒಂದು ಸಂಗತಿಯು ಕಣ್ಣಿಗೆ ಬೀಳುತ್ತದೆ. ಶಿಶುವೂ ಮೂಕನೂ ಈ ಚರ್ಚೆಯಲ್ಲಿ ದೃಷ್ಟಾಂತಗಳಾಗಿ ಬರುತ್ತಾರೆಯೇ ಹೊರತು ಸಾಕ್ಷಿಗಳಾಗಿ ಬರುವುದಿಲ್ಲ. ಅವರ ಒಳಗೆ ಏನು ನಡೆಯುವುದೆಂಬುದನ್ನು ಅವರ ಪರವಾಗಿ ಮಾತು ಬಲ್ಲವರೇ ನಿರ್ಧರಿಸಿಬಿಟ್ಟಿದ್ದಾರೆ. ಈ ಪದ್ಧತಿಯು ಅಲ್ಲಿಗೇ ಮುಗಿಯಲಿಲ್ಲ.

ಋಗ್ವೇದವನ್ನು ಸಾಯಣಭಾಷ್ಯದೊಡನೆ ಸಂಪಾದಿಸಿ ಪ್ರಸಿದ್ಧನಾದ ಮ್ಯಾಕ್ಸ್ ಮುಲ್ಲರನು 1887ರಲ್ಲಿ ಆಲೋಚನಾಶಾಸ್ತ್ರವನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿ, ಭಾಷೆಯಿಲ್ಲದೆ ವಿಚಾರವಿಲ್ಲ, ವಿಚಾರವಿಲ್ಲದೆ ಭಾಷೆಯಿಲ್ಲ ಎಂಬ ತತ್ತ್ವವನ್ನು ಸಾರಿದನು. ಇದು ಭರ್ತೃಹರಿಯ ನಿಲವಿಗೆ ಸಮೀಪವಾದುದು. ಇದನ್ನು ಕಂಡ ಫ್ರಾನ್ಸಿಸ್ ಗಾಲ್ಟನನು ಅದೇ ವರ್ಷ ‘ನೇಚರ್’ ಪತ್ರಿಕೆಗೆ ಪತ್ರ ಬರೆದು ಪ್ರತಿಭಟಿಸಿದನು. ತನಗೆ ಆಲೋಚನೆಯು ಮಾತಿನ ರೂಪದಲ್ಲಿ ಸುಲಭವಾಗಿ ಬರುವುದಿಲ್ಲವೆಂದೂ, ವಿಷಯವು ಮನಸ್ಸಿಗೆ ಸ್ಪಷ್ಟವಾದ ಮೇಲೆ ಅದನ್ನು ಭಾಷೆಗೆ ಪರಿವರ್ತಿಸುವುದೇ ಪ್ರತ್ಯೇಕ ಶ್ರಮವೆಂದೂ ಅವನು ತಿಳಿಸಿದನು. ಮುಲ್ಲರನು ತನ್ನ ಪಕ್ಷವನ್ನು ಬಿಡಲಿಲ್ಲ. ಮಾತಿನಲ್ಲಿ ಯೋಚಿಸುವ ಭಾಷಾಶಾಸ್ತ್ರಜ್ಞನಿಗೆ ಮಾತಿಲ್ಲದ ಆಲೋಚನೆಯು ಅಸಂಭವವಾಗಿ ತೋರಿತು; ಮಾತಿಲ್ಲದೆ ಯೋಚಿಸುವ ವಿಜ್ಞಾನಿಗೆ ಅದು ನಿತ್ಯದ ಅನುಭವವಾಗಿದ್ದಿತು.

ಇದೇ ಕಾಲದಲ್ಲಿ ಯೂರೋಪಿನಲ್ಲಿ ಇನ್ನೊಂದು ವಿವಾದವು ಎದ್ದಿದ್ದಿತು. ವಿಯೆನ್ನಾದ ಪ್ರಾಧ್ಯಾಪಕ ಸಾಲೊಮನ್ ಸ್ಟ್ರಿಕರನು 1880ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನಸ್ಸಿನಲ್ಲಿ ಒಂದು ಅಕ್ಷರವನ್ನು ನೆನೆದಾಗ ಅದನ್ನುಚ್ಚರಿಸುವ ಅವಯವದಲ್ಲಿಯೇ ಒಂದು ಚಲನೆಯ ಭಾವವು ತೋರುವುದೆಂದು ಬರೆದನು. ‘ಪ’ಕಾರ ‘ಮ’ಕಾರಗಳನ್ನು ನೆನೆದರೆ ತುಟಿಯಲ್ಲಿ ಅದರ ಅನುಭವವಾಗಬೇಕು. ಮರುವರ್ಷ, ಎಂದರೆ 1881ರಲ್ಲಿ, ಫ್ರೆಂಚ್ ವಿದ್ವಾಂಸನಾದ ವಿಕ್ಟರ್ ಎಗ್ಗರನು ಒಳಮಾತನ್ನು ಕುರಿತೇ ಒಂದು ಗ್ರಂಥವನ್ನು ರಚಿಸಿ, ಅದು ಮುಖ್ಯವಾಗಿ ಕೇಳಿಸುವ ಧ್ವನಿಯ ಪ್ರತಿಬಿಂಬವೆಂದು ವಾದಿಸಿದನು. ಒಬ್ಬನಿಗೆ ಒಳಮಾತೆಂದರೆ ತುಟಿನಾಲಗೆಗಳ ಸಂಗತಿ, ಇನ್ನೊಬ್ಬನಿಗೆ ಕಿವಿಯ ಸಂಗತಿ. ಅಮೆರಿಕದ ವಿಲಿಯಂ ಜೇಮ್ಸನು 1890ರ ತನ್ನ ಮಹಾಗ್ರಂಥದಲ್ಲಿ ಸ್ಟ್ರಿಕರನ ವಿಷಯವನ್ನೆತ್ತಿ, ಅವನಲ್ಲಿ ಈ ಚಲನೆಯ ಕಲ್ಪನೆಯು ಅಸಾಧಾರಣವಾಗಿ ಪ್ರಬಲವಾಗಿದ್ದಂತೆ ತೋರುವುದೆಂದು ಸೂಚಿಸಿದ್ದಾನೆ. ಜೇಮ್ಸನ ಸೂಚನೆಯನ್ನು ಒಪ್ಪಿದರೆ ಸ್ಟ್ರಿಕರನ ಗ್ರಂಥವು ಮನುಷ್ಯಜಾತಿಯ ವರ್ಣನೆಯಾಗುವುದಿಲ್ಲ, ಸ್ಟ್ರಿಕರನೊಬ್ಬನ ವರ್ಣನೆಯಾಗುತ್ತದೆ. ಹಾಗೆಂದು ಅದರ ಬೆಲೆಯು ಇಲ್ಲದಾಗುವುದಿಲ್ಲ, ಬದಲಾಗುತ್ತದೆ ಅಷ್ಟೆ.

3

ತನ್ನೊಬ್ಬನ ಮನಸ್ಸನ್ನು ನೆಚ್ಚದೆ ಹಲವರನ್ನು ಕೇಳಿ ನೋಡುವ ಪದ್ಧತಿಯನ್ನು ಪ್ರಯೋಗಿಸಿದ ಕೀರ್ತಿಯು ಗಾಲ್ಟನನಿಗೇ ಸಲ್ಲಬೇಕು. ಮುಲ್ಲರನೊಡನೆ ವಾದಿಸುವ ಮೊದಲೇ, 1880ರಲ್ಲಿ, ಅವನು ಮನಸ್ಸಿನಲ್ಲಿ ಮೂಡುವ ಚಿತ್ರಗಳನ್ನು ಕುರಿತ ಲೇಖನವೊಂದನ್ನು ಪ್ರಕಟಿಸಿದ್ದನು. ಅದಕ್ಕಾಗಿ 100 ಮಂದಿ ಪುರುಷರ ಉತ್ತರಗಳನ್ನು ಬಳಸಿಕೊಂಡನು. ಅವರಲ್ಲಿ ಅರ್ಧದಷ್ಟು ಮಂದಿ ವಿಜ್ಞಾನಾದಿ ಕ್ಷೇತ್ರಗಳಲ್ಲಿ ಖ್ಯಾತರಾದವರು. ಬೆಳಗ್ಗೆ ತಿಂಡಿಗೆ ಕುಳಿತ ಮೇಜನ್ನು ನೆನೆದುಕೊಳ್ಳಿ. ಅದು ಮನಸ್ಸಿಗೆ ಎಷ್ಟು ಸ್ಪಷ್ಟವಾಗಿ, ಎಂಥ ಬಣ್ಣಗಳಲ್ಲಿ ಕಾಣುವುದೆಂದು ತಿಳಿಸಿ, ಎಂಬುದು ಅವನ ಪ್ರಶ್ನೆ. ಬಹುಮಂದಿ ವಿಜ್ಞಾನಿಗಳಿಗೆ ಇಂಥ ಚಿತ್ರವೇ ಮೂಡುವುದಿಲ್ಲವೆಂದು ಅವನು ಆಶ್ಚರ್ಯದಿಂದ ವರದಿ ಮಾಡಿದನು. ವಿಜ್ಞಾನಿಗಳ ವರ್ಗಕ್ಕೆ ಒಂದು ಬಗೆಯ ಮನಸ್ಸು, ಉಳಿದವರಿಗೆ ಇನ್ನೊಂದು ಬಗೆ, ಎಂಬ ಅಭಿಪ್ರಾಯವು ಅಂದಿನಿಂದ ಪಠ್ಯಗ್ರಂಥಗಳಲ್ಲಿ ಬೇರೂರಿತು.

ಆದರೆ 2006ರಲ್ಲಿ ಬ್ರೂವರ್ ಮತ್ತು ಶೋಮರ್ ಐಕಿನ್ಸ್ ಎಂಬ ಸಂಶೋಧಕರು ಗಾಲ್ಟನನ ಮೂಲ ಸಾಮಗ್ರಿಗೇ ಹಿಂದಿರುಗಿ ಪರಿಶೀಲಿಸಿದಾಗ, ಆ ಉತ್ತರಗಳು ಅವನ ನಿರ್ಣಯವನ್ನು ಸಮರ್ಥಿಸುವುದಿಲ್ಲವೆಂದು ಕಂಡುಬಂದಿತು. ಇಂದಿನ ವಿಜ್ಞಾನಿಗಳನ್ನು ಪ್ರಶ್ನಿಸಿದಾಗಲೂ ಅವರಲ್ಲಿ ಮನಶ್ಚಿತ್ರಗಳ ಕೊರತೆಯು ಕಾಣಲಿಲ್ಲ. ಮೂಲವನ್ನು ನೋಡದೆ ಒಬ್ಬರಿಂದೊಬ್ಬರು ಎತ್ತಿಕೊಂಡ ಅಭಿಪ್ರಾಯವೊಂದು ಹೀಗೆ 100 ವರ್ಷಕ್ಕೂ ಮೀರಿ ಬಾಳಿತು. ಒಂದು ವರ್ಗಕ್ಕೆ ಒಂದು ಮನಸ್ಸನ್ನು ಹಂಚಿಕೊಡುವ ಸೂತ್ರಗಳನ್ನು ಎಷ್ಟು ಎಚ್ಚರದಿಂದ ಓದಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವು ದೊರೆಯಲಾರದು.

ಕುಮಾರಿಲನು ದೃಷ್ಟಾಂತವಾಗಿ ಮಾತ್ರ ತಂದ ಮೂಕನು ಕೊನೆಗೆ ಸಾಕ್ಷಿಯಾಗಿ ಬಂದುದು ಜೇಮ್ಸನ ಗ್ರಂಥದಲ್ಲಿ. ವಾಷಿಂಗ್ಟನ್ನಿನ ಕಿವುಡರ ಕಾಲೇಜಿನಲ್ಲಿ ಬೋಧಕನಾಗಿದ್ದ ಬ್ಯಾಲರ್ಡ್ ಎಂಬ ಕಿವುಡನು ತನ್ನ ಬಾಲ್ಯವನ್ನು ನೆನೆದು, ಬರೆವಣಿಗೆಯ ಭಾಷೆಯನ್ನು ಕಲಿಯುವುದಕ್ಕೆ ಮೊದಲೇ ಈ ಜಗತ್ತು ಹೇಗೆ ಹುಟ್ಟಿತೆಂಬ ಪ್ರಶ್ನೆಯು ತನ್ನ ಮನಸ್ಸಿನಲ್ಲಿ ಎದ್ದಿತ್ತೆಂದು ಬರೆದುದನ್ನು ಜೇಮ್ಸನು ಆಧಾರವಾಗಿ ಬಳಸಿಕೊಂಡಿದ್ದಾನೆ. ಭಾಷೆಯಿಲ್ಲದೆ ವಿಚಾರವಿಲ್ಲವೆಂಬ ಪಕ್ಷಕ್ಕೆ ಇದು ಬಲವಾದ ಪೆಟ್ಟು. ಆದರೆ 1953ರಲ್ಲಿ ಪ್ರಕಟವಾದ ವಿಟ್‌ಗೆನ್‌ಸ್ಟೈನನ ಗ್ರಂಥವು ಇದೇ ಸಾಕ್ಷ್ಯವನ್ನು ಕುರಿತು ಒಂದು ಸಂದೇಹವನ್ನೆತ್ತಿತು. ಮಾತಿಲ್ಲದ ಅಂದಿನ ಆಲೋಚನೆಯನ್ನು ಇಂದು ಮಾತಿಗೆ ತಿರುಗಿಸಿರುವುದು ಸರಿಯಾಗಿದೆಯೆಂದು ಹೇಳುವವನಿಗೇ ಹೇಗೆ ನಿಶ್ಚಯವಾಗಬೇಕು?

ಈ ಸಂದೇಹವು ಚರಿತ್ರಕಾರನಿಗೆ ಹೊಸದಲ್ಲ. ಎಲ್ಲ ಆತ್ಮಕಥೆಗಳ ಮುಂದೆಯೂ ಅವನು ಕೇಳುವ ಪ್ರಶ್ನೆಯಿದು. ಬರೆಯುತ್ತಿರುವವನು ಅಂದಿನ ಹುಡುಗನಲ್ಲ, ಇಂದಿನ ಹಿರಿಯ. ಅಂದು ಇಲ್ಲದಿದ್ದ ಮಾತುಗಳು ಇಂದು ಅವನ ಕೈಯಲ್ಲಿವೆ. ಆದುದರಿಂದ ಆತ್ಮಕಥೆಯನ್ನು ತಳ್ಳಿಹಾಕಬೇಕೆಂದಲ್ಲ. ಅದರೊಡನೆ ಬೇರೆ ಬಗೆಯ ಸಾಕ್ಷ್ಯವನ್ನು ಹೋಲಿಸಿ ನೋಡಬೇಕು.

4

ಈಗ ಮೊದಲು ಹೇಳಿದ ಸೂತ್ರಕ್ಕೆ ಬರೋಣ. ಆಟಿಸಂ ಉಳ್ಳವರು ಚಿತ್ರಗಳಲ್ಲಿ ಯೋಚಿಸುತ್ತಾರೆಂಬ ಮಾತು ಲೋಕಪ್ರಸಿದ್ಧವಾದುದು ಟೆಂಪಲ್ ಗ್ರಾಂಡಿನ್ ಅವರ ‘ಥಿಂಕಿಂಗ್ ಇನ್ ಪಿಕ್ಚರ್ಸ್’ ಎಂಬ ಗ್ರಂಥದಿಂದ. 1995ರಲ್ಲಿ ಪ್ರಕಟವಾದ ಈ ಗ್ರಂಥದ ಕರ್ತೃವು ಸ್ವತಃ ಆಟಿಸಂ ಉಳ್ಳವರು. ಜಾನುವಾರುಗಳ ನಿರ್ವಹಣೆಗೆ ಬೇಕಾದ ಕಟ್ಟಡ, ಸಲಕರಣೆಗಳ ರಚನೆಯಲ್ಲಿ ಅಮೆರಿಕದಲ್ಲಿ ಹೆಸರಾದವರು. ಮಾತು ತಮಗೆ ಎರಡನೆಯ ಭಾಷೆಯಂತೆ, ಚಿತ್ರವೇ ಮೊದಲನೆಯದು ಎಂಬ ಅವರ ವಿವರಣೆಯು ಅತ್ಯಂತ ಬೆಲೆಯುಳ್ಳದು. ಇತರರು ತಮ್ಮ ವಿಷಯವಾಗಿ ಹೇಳುವುದನ್ನು ಕೇಳುತ್ತ ಬಂದ ವರ್ಗದ ಒಬ್ಬರು ತಾವೇ ಎದ್ದು ಸಾಕ್ಷಿ ನುಡಿದ ಸಂದರ್ಭವಿದು. ಆದರೆ ಓದುಗರು ಅದನ್ನು ಒಬ್ಬರ ಸಾಕ್ಷ್ಯವೆಂದು ಓದದೆ ಒಂದು ವರ್ಗದ ಲಕ್ಷಣವೆಂದು ಓದಿದರು. ಗ್ರಾಂಡಿನ್ ಅವರೇ 2006ರ ವಿಸ್ತೃತ ಮುದ್ರಣದಲ್ಲಿ, ಆಟಿಸಂ ಉಳ್ಳವರೆಲ್ಲರೂ ತಮ್ಮಂತೆ ಚಿತ್ರಚಿಂತಕರಲ್ಲವೆಂದೂ, ಸಂಗೀತ ಗಣಿತಗಳ ವಿನ್ಯಾಸಗಳಲ್ಲಿ ಯೋಚಿಸುವವರೂ ಮಾತಿನ ತರ್ಕದಲ್ಲಿ ಯೋಚಿಸುವವರೂ ಅವರಲ್ಲಿ ಇರುವರೆಂದೂ ಸ್ಪಷ್ಟಪಡಿಸಿದರು. ಸೂತ್ರವು ಹರಡಿದಷ್ಟು ಈ ತಿದ್ದುಪಡಿಯು ಹರಡಲಿಲ್ಲ.

ಆತ್ಮಕಥೆಗಿಂತ ದಿನಚರಿಯು ಘಟನೆಗೆ ಹತ್ತಿರ. ಒಳಮಾತಿನ ವಿಷಯದಲ್ಲಿ ದಿನಚರಿಗೆ ಸಮಾನವಾದ ಪದ್ಧತಿಯನ್ನು ರಸೆಲ್ ಹರ್ಲ್‌ಬರ್ಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1970ರ ದಶಕದಿಂದ ರೂಪಿಸುತ್ತ ಬಂದರು. ಪ್ರಯೋಗಕ್ಕೆ ಒಪ್ಪಿದವನು ಒಂದು ಸಣ್ಣ ಯಂತ್ರವನ್ನು ಒಯ್ಯುತ್ತಾನೆ. ಅದು ಅನಿಶ್ಚಿತ ಸಮಯಗಳಲ್ಲಿ ಸದ್ದು ಮಾಡುತ್ತದೆ. ಸದ್ದಾಗುವುದಕ್ಕೆ ಮೊದಲಿನ ಕ್ಷಣದಲ್ಲಿ ಮನಸ್ಸಿನಲ್ಲಿ ಏನಿದ್ದಿತೋ ಅದನ್ನು ಒಡನೆಯೇ ಗುರುತು ಹಾಕಿಕೊಂಡು ಆಮೇಲೆ ವಿವರವಾಗಿ ಹೇಳಬೇಕು. ಈ ಪದ್ಧತಿಯಿಂದ 30 ಮಂದಿ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಹೀವೀ ಮತ್ತು ಹರ್ಲ್‌ಬರ್ಟ್ 2008ರಲ್ಲಿ ಪ್ರಕಟಿಸಿದ ಫಲಿತಾಂಶವು ಗಮನಾರ್ಹವಾದುದು. ಒಟ್ಟು ಸರಾಸರಿಯಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಕ್ಷಣಗಳಲ್ಲಿ ಮಾತ್ರ ಒಳಮಾತು ಕಂಡುಬಂದಿತು. ಕೆಲವರಲ್ಲಿ ಅದು ಒಂದು ಸಲವೂ ಕಾಣಲಿಲ್ಲ. ಇನ್ನು ಕೆಲವರಲ್ಲಿ ಮುಕ್ಕಾಲು ಪಾಲು ಕ್ಷಣಗಳನ್ನು ಅದೇ ಆವರಿಸಿದ್ದಿತು. ಮಾತೂ ಅಲ್ಲದ, ಚಿತ್ರವೂ ಅಲ್ಲದ, ಆದರೂ ಸ್ಪಷ್ಟವಾದ ಆಲೋಚನೆಯೊಂದು ಅನೇಕರಲ್ಲಿ ಕಾಣಿಸಿತು.

ಈ ವಿದ್ಯಾರ್ಥಿಗಳನ್ನು ಭಿನ್ನ ನರವಿನ್ಯಾಸದವರೆಂದು ಆರಿಸಿ ತಂದಿರಲಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಹೀಗಿರಲು, ಸಾಮಾನ್ಯ ನರವಿನ್ಯಾಸದವರು ಮಾತಿನಲ್ಲಿ ಯೋಚಿಸುತ್ತಾರೆಂಬ ಸೂತ್ರದ ಪೂರ್ವಾರ್ಧವೇ ಕುಸಿಯುತ್ತದೆ. ಭೇದವನ್ನು ತೋರಿಸಬೇಕಾದ ಎರಡು ವರ್ಗಗಳಲ್ಲಿ ಒಂದರ ಒಳಗೇ ಇಷ್ಟು ಭೇದವಿದ್ದರೆ, ವರ್ಗಗಳ ನಡುವಿನ ಗೆರೆಯನ್ನು ಎಳೆಯುವುದು ಎಲ್ಲಿ?

ಇದೇ ಪದ್ಧತಿಯನ್ನು ಆಟಿಸಂ ಉಳ್ಳವರ ವಿಷಯದಲ್ಲಿ ಬಳಸಿದುದು 1994ರಲ್ಲಿ. ಹರ್ಲ್‌ಬರ್ಟ್, ಫ್ರಾನ್ಸೆಸ್ಕಾ ಹ್ಯಾಪೆ, ಊಟಾ ಫ್ರಿತ್ ಇವರು ಆಸ್ಪರ್ಗರ್ ಲಕ್ಷಣವುಳ್ಳ ವಯಸ್ಕರನ್ನು ಪರೀಕ್ಷಿಸಿದರು. ಅವರ ವರದಿಗಳಲ್ಲಿ ಚಿತ್ರಗಳೇ ಪ್ರಧಾನವಾಗಿದ್ದು ಒಳಮಾತು ಕಾಣಬರಲಿಲ್ಲ. ಸೂತ್ರವನ್ನು ಸಮರ್ಥಿಸುವವರು ಇಂದಿಗೂ ಈ ಲೇಖನವನ್ನು ಮುಂದಿಡುತ್ತಾರೆ. ಆದರೆ ಪರೀಕ್ಷೆಗೆ ಒಳಗಾದವರು 3 ಮಂದಿ. ಆ ಮೂವರಲ್ಲಿಯೂ, ತಮ್ಮ ಒಳಗಿನ ಅನುಭವವನ್ನು ವರದಿ ಮಾಡುವ ಶಕ್ತಿಯು ಒಂದೇ ಸಮನಾಗಿರಲಿಲ್ಲವೆಂದು ಸಂಶೋಧಕರೇ ಹೇಳಿದ್ದಾರೆ. ಆಸ್ಪರ್ಗರ್ ಲಕ್ಷಣವೆಂಬ ಪ್ರತ್ಯೇಕ ವಿಭಾಗವನ್ನೂ ಅಮೆರಿಕದ ರೋಗನಿರ್ಣಯದ ಕೈಪಿಡಿಯು 2013ರಲ್ಲಿ ಕೈಬಿಟ್ಟಿತು. ಸಂಶೋಧಕರು ತಾವು ಕಂಡುದನ್ನು ಎಚ್ಚರದಿಂದ ಬರೆದರು. ಮೂವರ ದಿನಚರಿಯಿಂದ ಒಂದು ಸಮಾಜದ ಚರಿತ್ರೆಯನ್ನು ಕಟ್ಟಿದವರು ಆಮೇಲಿನ ಓದುಗರು.

5

ಇನ್ನು ಉಳಿದುದು ತನಗರಿವಿಲ್ಲದೆ ನುಡಿಯುವ ಸಾಕ್ಷ್ಯ. ಇಂಗ್ಲೆಂಡಿನ ಕಾನ್ರಾಡ್ ಎಂಬ ಸಂಶೋಧಕನು 1964ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಒಳ್ಳೆಯ ಉದಾಹರಣೆ. ಇಂಗ್ಲಿಷ್ ಅಕ್ಷರಗಳನ್ನು ಕಣ್ಣಿಗೆ ತೋರಿಸಿ, ನೆನಪಿನಿಂದ ಬರೆಯಲು ಹೇಳಿದಾಗ, ಜನರು ಆಕಾರದಲ್ಲಿ ಹೋಲುವ ಅಕ್ಷರಗಳಿಗಿಂತ ಧ್ವನಿಯಲ್ಲಿ ಹೋಲುವ ಅಕ್ಷರಗಳನ್ನು ಹೆಚ್ಚಾಗಿ ಅದಲುಬದಲು ಮಾಡಿದರು. ‘ಬಿ’ ಇದ್ದೆಡೆಯಲ್ಲಿ ‘ವಿ’ ಎಂದೋ ‘ಪಿ’ ಎಂದೋ ಬರೆದರು. ಕಣ್ಣಿಂದ ಕಂಡುದನ್ನು ಅವರು ಒಳಗೆ ಉಚ್ಚರಿಸಿಕೊಂಡಿದ್ದರೆಂಬುದು ಇದರಿಂದ ವ್ಯಕ್ತವಾಯಿತು. ಅವರನ್ನು ಯಾರೂ ಕೇಳಲಿಲ್ಲ; ಅವರ ತಪ್ಪುಗಳೇ ಹೇಳಿದುವು. ಅಮೆರಿಕದಲ್ಲಿ ಬೆಲ್ಲೂಗಿ ಮತ್ತು ಸಂಗಡಿಗರು 1975ರಲ್ಲಿ ಸಂಜ್ಞಾಭಾಷೆಯನ್ನಾಡುವ ಕಿವುಡರನ್ನು ಪರೀಕ್ಷಿಸಿದಾಗ, ಅವರ ತಪ್ಪುಗಳು ಧ್ವನಿಯನ್ನು ಅನುಸರಿಸದೆ ಕೈಸಂಜ್ಞೆಯ ಹೋಲಿಕೆಯನ್ನು ಅನುಸರಿಸಿದುವು. ಅವರ ಒಳಮಾತು ಕೈಯ ಮಾತಾಗಿದ್ದಿತು. ಮೂಕನ ಅರಿವು ಭಾಷೆಯಿಲ್ಲದ ಅರಿವೆಂದು ಎಣಿಸಿದವರಿಗೆ ದೊರೆತ ತಡವಾದ ಉತ್ತರವೆಂದು ಇದನ್ನು ಕರೆಯಬಹುದು.

ಆಟಿಸಂ ಉಳ್ಳವರ ವಿಷಯದಲ್ಲಿ ಇಂಥ ಪ್ರಯೋಗಗಳು ಏನು ಹೇಳುತ್ತವೆ? ಮುಖ್ಯವಾದ ಒಂದು ವಿಧಾನವೆಂದರೆ, ಕೆಲಸ ಮಾಡುತ್ತಿರುವಾಗ ಒಂದೇ ಪದವನ್ನು ಬಿಡದೆ ಬಾಯಿಂದ ಉಚ್ಚರಿಸುತ್ತಿರುವಂತೆ ಹೇಳುವುದು. ಆಗ ಒಳಮಾತಿಗೆ ಎಡೆಯಿರುವುದಿಲ್ಲ. ಕೆಲಸವು ಕೆಟ್ಟರೆ ಅದು ಒಳಮಾತನ್ನು ಆಶ್ರಯಿಸಿದ್ದಿತೆಂದೂ, ಕೆಡದಿದ್ದರೆ ಆಶ್ರಯಿಸಿರಲಿಲ್ಲವೆಂದೂ ಊಹಿಸಬಹುದು. ವೈಟ್‌ಹೌಸ್, ಮೇಬರಿ, ಡರ್ಕಿನ್ ಇವರು 2006ರಲ್ಲಿ ಇಂಥ ಪ್ರಯೋಗಗಳಿಂದ ಆಟಿಸಂ ಉಳ್ಳ ಮಕ್ಕಳಲ್ಲಿ ಒಳಮಾತಿನ ಬಳಕೆಯು ಕುಂಠಿತವಾಗಿದೆಯೆಂದು ನಿರ್ಣಯಿಸಿದರು. ಎರಡೇ ವರ್ಷಗಳ ತರುವಾಯ, ಅದೇ ಪತ್ರಿಕೆಯಲ್ಲಿ, ವಿಲಿಯಮ್ಸ್, ಹ್ಯಾಪೆ, ಜಾರಲ್ಡ್ ಇವರು ನೆನಪಿನ ಪ್ರಯೋಗವೊಂದರಿಂದ ಅದು ಕುಂಠಿತವಾಗಿಲ್ಲವೆಂದು ತೋರಿಸಿದರು. ಅವರ ಪ್ರಯೋಗದಲ್ಲಿ ಮಕ್ಕಳನ್ನು ಬೇರ್ಪಡಿಸಿದ ಗೆರೆಯು ಆಟಿಸಂ ಆಗಿರಲಿಲ್ಲ. ಭಾಷಾಶಕ್ತಿಯು 7 ವರ್ಷದ ಮಟ್ಟವನ್ನು ದಾಟಿದ ಮಕ್ಕಳು, ಅವರು ಯಾವ ವರ್ಗದವರೇ ಆಗಲಿ, ಒಳಮಾತನ್ನು ಬಳಸಿದರು. ಆ ಮಟ್ಟವನ್ನು ಮುಟ್ಟದವರು ಬಳಸಲಿಲ್ಲ.

ಹಾಗಾದರೆ ಎರಡು ವರ್ಗಗಳ ನಡುವೆ ಭೇದವೇ ಇಲ್ಲವೆ? ಹಾಗೆಂದು ಹೇಳುವುದೂ ಅವಸರದ ಮಾತಾದೀತು. ವಿಲಿಯಮ್ಸ್, ಬೌಲರ್, ಜಾರಲ್ಡ್ ಇವರು 2012ರಲ್ಲಿ ವಯಸ್ಕರ ಮೇಲೆ ನಡೆಸಿದ ಪ್ರಯೋಗದಲ್ಲಿ ಒಂದು ಸೂಕ್ಷ್ಮವಾದ ಭೇದವು ಕಂಡಿತು. ಪಟ್ಟಿಯನ್ನು ನೆನಪಿನಲ್ಲಿಟ್ಟುಕೊಳ್ಳುವಾಗ ಆಟಿಸಂ ಉಳ್ಳವರೂ ಇತರರಂತೆಯೇ ಒಳಮಾತನ್ನು ಬಳಸಿದರು. ಮುಂದಿನ ಹೆಜ್ಜೆಗಳನ್ನು ಯೋಜಿಸಬೇಕಾದ ಕೆಲಸದಲ್ಲಿ ಮಾತ್ರ, ಬಾಯಿಗೆ ಪದವನ್ನು ಕೊಟ್ಟಾಗ ಇತರರ ಕೆಲಸವು ಕೆಟ್ಟಿತು, ಅವರದು ಕೆಡಲಿಲ್ಲ. ಎಂದರೆ ಅವರಲ್ಲಿ ಒಳಮಾತು ಇಲ್ಲವೆಂದಲ್ಲ. ಇತರರು ಅದನ್ನು ಬಳಸುವ ಒಂದು ಕೆಲಸಕ್ಕೆ ಅವರು ಬೇರೊಂದು ಉಪಾಯವನ್ನು ಬಳಸುತ್ತಾರೆ. ಇರುವಿಕೆಗೂ ಬಳಕೆಗೂ ನಡುವಣ ಈ ಭೇದವು ಜನಪ್ರಿಯ ಸೂತ್ರದಲ್ಲಿ ಸಂಪೂರ್ಣವಾಗಿ ಮರೆಯಾಗಿದೆ.

ಮಾತಿನ ಅಭಾವವನ್ನು ಆಟಿಸಂನ ಸ್ವತ್ತೆಂದು ಎಣಿಸಲಾಗದೆಂಬುದಕ್ಕೆ 2024ರಲ್ಲಿ ಪ್ರಕಟವಾದ ನೆಡರ್‌ಗಾರ್ಡ್ ಮತ್ತು ಲೂಪ್ಯಾನ್ ಅವರ ಲೇಖನವೂ ಆಧಾರವಾಗಿದೆ. ನರವಿನ್ಯಾಸದ ಹೆಸರಿನಿಂದ ಜನರನ್ನು ವಿಂಗಡಿಸದೆ, ಒಳಮಾತು ತೀರ ಕಡಿಮೆಯೆಂದು ಹೇಳಿಕೊಂಡವರನ್ನೂ ಹೆಚ್ಚೆಂದು ಹೇಳಿಕೊಂಡವರನ್ನೂ ಅವರು ಹೋಲಿಸಿದರು. ಪದಗಳನ್ನು ನೆನಪಿನಲ್ಲಿಡುವುದರಲ್ಲಿಯೂ ಪ್ರಾಸವನ್ನು ಗುರುತಿಸುವುದರಲ್ಲಿಯೂ ಮೊದಲನೆಯವರು ಹಿಂದುಳಿದರು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದರಲ್ಲಿ ಅವರು ಹಿಂದುಳಿಯಲಿಲ್ಲ. ಆತ್ಮಸಾಕ್ಷ್ಯವೂ ಅರಿವಿಲ್ಲದ ಸಾಕ್ಷ್ಯವೂ ಒಂದು ಮಟ್ಟಿಗೆ ಪರಸ್ಪರ ಹೊಂದಿಕೊಂಡುದು ಇಲ್ಲಿಯ ವಿಶೇಷ. ಆದರೂ ಒಂದು ಮಿತಿಯನ್ನು ಹೇಳಲೇಬೇಕು. ಪ್ರಯೋಗಶಾಲೆಯ ತಪ್ಪುಗಳು ಆ ಕೆಲಸದಲ್ಲಿ ಒಳಮಾತು ನೆರವಾಯಿತೆ ಎಂಬುದನ್ನು ಹೇಳುತ್ತವೆ. ಮನುಷ್ಯನು ಸಂಜೆ ಒಬ್ಬನೇ ನಡೆದುಹೋಗುವಾಗ ಅವನೊಳಗೆ ಏನು ನಡೆಯುವುದೆಂಬುದನ್ನು ಹೇಳುವುದಿಲ್ಲ. ಎಲ್ಲೆಕಟ್ಟಿನಿಂದ ಹೊಲದ ಅಳತೆಯು ತಿಳಿಯುತ್ತದೆ, ಉತ್ತವನ ಬಾಳು ತಿಳಿಯುವುದಿಲ್ಲ. ಆದುದರಿಂದ ಗ್ರಾಂಡಿನ್ ಅವರಂಥವರ ಮಾತೂ ಬೇಕು, ಪ್ರಯೋಗವೂ ಬೇಕು.

6

ಈ ವಿಮರ್ಶೆಯು ಕೇವಲ ವಿದ್ವಾಂಸರ ಚರ್ಚೆಯಾಗಿ ಉಳಿಯುವಂಥದಲ್ಲ. ಅಧ್ಯಾಪಕರಾದ ನಮಗೆ ಇದು ನಿತ್ಯದ ವ್ಯವಹಾರಕ್ಕೆ ಸಂಬಂಧಿಸಿದುದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಆಟಿಸಂ ಮತ್ತು ಕಲಿಕೆಯ ತೊಡಕುಗಳನ್ನು ತನ್ನ ಪಟ್ಟಿಯಲ್ಲಿ ಸೇರಿಸಿದೆ. ಅಂಥ ವಿದ್ಯಾರ್ಥಿಗಳು ನಮ್ಮ ತರಗತಿಗಳಲ್ಲಿ ಇದ್ದಾರೆ. ಗುರುತಿಸಲ್ಪಡದೆ ಇರುವವರು ಬೇರೆ.

ರಷ್ಯದ ವೈಗೋಟ್‌ಸ್ಕಿಯ ಸಿದ್ಧಾಂತವನ್ನು ಇಲ್ಲಿ ನೆನೆಯಬೇಕು. 1934ರಲ್ಲಿ, ಅವನು ತೀರಿಕೊಂಡ ವರ್ಷವೇ, ಪ್ರಕಟವಾದ ಗ್ರಂಥದಲ್ಲಿ ಅವನು ಒಳಮಾತಿನ ಹುಟ್ಟನ್ನು ಹೀಗೆ ವಿವರಿಸಿದ್ದಾನೆ: ಮಗುವು ಮೊದಲು ಇತರರೊಡನೆ ಮಾತನಾಡುತ್ತದೆ, ಆಮೇಲೆ ಆಟದಲ್ಲಿ, ಕೆಲಸದಲ್ಲಿ ತನ್ನೊಡನೆಯೇ ಗಟ್ಟಿಯಾಗಿ ಮಾತನಾಡುತ್ತದೆ, ಕ್ರಮೇಣ ಆ ಮಾತು ಪಿಸುಗುಟ್ಟಾಗಿ, ಮೊಟಕಾಗಿ, ಒಳಗೆ ಇಳಿಯುತ್ತದೆ. ವಾಚಿಕ, ಉಪಾಂಶು, ಮಾನಸ ಎಂದು ಜಪಕ್ಕೆ ಮೂರು ಮೆಟ್ಟಿಲುಗಳನ್ನು ಹೇಳಿದ ಪರಂಪರೆಯಲ್ಲಿ ಬೆಳೆದವರಿಗೆ ಈ ಕ್ರಮವು ಪರಿಚಿತವಾಗಿಯೇ ತೋರುತ್ತದೆ. ಬರ್ಕ್ ಮತ್ತು ಪಾಟ್ಸ್ ಎಂಬವರು 1991ರಲ್ಲಿ ಎ.ಡಿ.ಎಚ್.ಡಿ. ಉಳ್ಳ ಹುಡುಗರನ್ನು ತರಗತಿಯ ಲೆಕ್ಕದ ಕೆಲಸದಲ್ಲಿಯೇ ಗಮನಿಸಿ, ಅವರೂ ಇದೇ ಮೆಟ್ಟಿಲುಗಳನ್ನು ಇಳಿಯುತ್ತಾರೆ, ಆದರೆ ತಡವಾಗಿ ಇಳಿಯುತ್ತಾರೆ ಎಂದು ಕಂಡುಕೊಂಡರು. ಹೀಗಿರಲು, ಲೆಕ್ಕ ಮಾಡುತ್ತ ಗೊಣಗುವ ಹುಡುಗನನ್ನು ‘ಸುಮ್ಮನೆ ಮನಸ್ಸಿನಲ್ಲೇ ಮಾಡು’ ಎಂದು ಗದರಿಸುವ ಉಪಾಧ್ಯಾಯನು, ಅವನು ನಿಂತಿರುವ ಮೆಟ್ಟಿಲನ್ನೇ ಕಿತ್ತುಹಾಕಿದಂತಾಗುವುದಿಲ್ಲವೆ?

ಇನ್ನೊಂದು ಕಡೆಯ ಅಪಾಯವೂ ಉಂಟು. ಆಟಿಸಂ ಉಳ್ಳ ಮಗು ಚಿತ್ರದಲ್ಲಿ ಯೋಚಿಸುವುದೆಂದು ಕೇಳಿ ತಿಳಿದ ದಯಾಳುಗಳಾದ ಉಪಾಧ್ಯಾಯರು, ಅದಕ್ಕೆ ಚಿತ್ರಗಳನ್ನೇ ಕೊಟ್ಟು ಮಾತನ್ನು ಕಡಿಮೆ ಮಾಡಬಹುದು. ಚಿತ್ರಗಳಿಂದ ಕಲಿಯುವ ಮಗುವಿಗೆ ಅದು ಉಪಕಾರ. ಮಾತಿನಿಂದ ಕಲಿಯಬಲ್ಲ ಮಗುವಿಗೆ ಅದು ದಯೆಯ ಹೆಸರಿನಲ್ಲಿ ನಡೆದ ವಂಚನೆ. 2008ರ ಪ್ರಯೋಗವು ತೋರಿದಂತೆ ಒಳಮಾತಿನ ಬಳಕೆಯು ಭಾಷಾಶಕ್ತಿಯ ಮಟ್ಟವನ್ನು ಅನುಸರಿಸುವುದಾದರೆ, ಭಾಷೆಯನ್ನು ತಡೆಹಿಡಿಯುವುದು ಎಷ್ಟು ದೊಡ್ಡ ನಷ್ಟವೆಂಬುದನ್ನು ವಿವರಿಸಬೇಕಾಗಿಲ್ಲ. ಅದರಂತೆಯೇ, ಉತ್ತರವನ್ನು ಸರಿಯಾಗಿ ಬರೆದು, ಅದಕ್ಕೆ ಹೇಗೆ ಬಂದೆಯೆಂದು ಕೇಳಿದಾಗ ಮಾತಿನಲ್ಲಿ ಹೇಳಲಾರದ ವಿದ್ಯಾರ್ಥಿಯನ್ನು ನಕಲು ಮಾಡಿದವನೆಂದು ಶಂಕಿಸುವ ಮೊದಲು, ಮುಲ್ಲರನಿಗೆ ಗಾಲ್ಟನನು ಬರೆದ ಪತ್ರವನ್ನು ಜ್ಞಾಪಿಸಿಕೊಳ್ಳುವುದು ಒಳ್ಳೆಯದು.

ಒಟ್ಟಿನಲ್ಲಿ ಹೇಳುವುದಾದರೆ, ಸಾಮಾನ್ಯ ಮತ್ತು ಭಿನ್ನ ನರವಿನ್ಯಾಸಗಳ ನಡುವಣ ಗೆರೆಯೂ, ಮಾತಿನಲ್ಲಿ ಯೋಚಿಸುವವರ ಮತ್ತು ಯೋಚಿಸದವರ ನಡುವಣ ಗೆರೆಯೂ ಒಂದೇ ಅಲ್ಲ. ಎರಡು ವರ್ಗಗಳಲ್ಲಿಯೂ ಒಳಮಾತು ಹೆಚ್ಚಾಗಿರುವವರಿದ್ದಾರೆ, ಕಡಿಮೆಯಾಗಿರುವವರಿದ್ದಾರೆ. ಭೇದವು ಕಾಣುವಲ್ಲಿಯೂ ಅದು ಬಹುಮಟ್ಟಿಗೆ ಒಳಮಾತನ್ನು ಯಾವ ಕೆಲಸಕ್ಕೆ ಬಳಸುತ್ತಾರೆಂಬುದರ ಭೇದ. ತನ್ನ ಮನಸ್ಸನ್ನೇ ಎಲ್ಲರ ಮನಸ್ಸೆಂದು ಬಗೆದುದು ಸ್ಟ್ರಿಕರ್, ಮುಲ್ಲರರ ಕಾಲದ ದೋಷ. ಒಬ್ಬರ ಮನಸ್ಸನ್ನು ಒಂದು ವರ್ಗದ ಮನಸ್ಸೆಂದು ಬಗೆಯುವುದು ನಮ್ಮ ಕಾಲದ ದೋಷ. ಎರಡಕ್ಕೂ ಮದ್ದು ಒಂದೇ. ಎದುರಿಗೆ ಕುಳಿತ ವಿದ್ಯಾರ್ಥಿಯನ್ನು ಅವನ ವರ್ಗದ ದೃಷ್ಟಾಂತವೆಂದು ಎಣಿಸದೆ ಸಾಕ್ಷಿಯೆಂದು ಎಣಿಸಬೇಕು. ಅವನು ಹೇಳುವುದನ್ನು ಕೇಳಬೇಕು. ಕೇಳಿದುದನ್ನು ಅವನು ಮಾಡುವ ಕೆಲಸದೊಡನೆ ಹೋಲಿಸಿ ನೋಡಬೇಕು. ಶಾಸನವನ್ನು ಓದುವಾಗ ನಾವು ತೋರುವ ಈ ತಾಳ್ಮೆಯು ಬದುಕಿರುವ ಮನುಷ್ಯನಿಗೂ ಸಲ್ಲತಕ್ಕುದು.